ಹೆಜ್ಜೆಗೆ ಕಿವಿಗೊಡುವ ಚೆಂಡೆ

ಮಂಗಳೂರಿನ ಶಕ್ತಿನಗರದ ಕಲಾಂಗಣ್‌ಗೂ ದನಿಗೂ ಹಳೆಯ ನಂಟು. 1986ರಲ್ಲಿ ಎರಿಕ್ ಒಝೇರಿಯೊ ಮತ್ತು ಸಂಗಡಿಗರು ಹುಟ್ಟುಹಾಕಿದ ಮಾಂಡ್ ಸೊಭಾಣ್ ಸಂಸ್ಥೆಯ ನೆಲೆ ಇದು. 2008ರ ಜನವರಿ 26 ಮತ್ತು 27ರಂದು ಇಲ್ಲಿಯೇ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆ ಬರೆಯಲಾಯಿತು. 2002ರಿಂದ ಇಲ್ಲಿ ತಿಂಗಳ ಮೊದಲ ಭಾನುವಾರ ‘ಮ್ಹಯ್ನ್ಯಾಳಿ ಮಾಂಚಿ’ ಎಂಬ ತಿಂಗಳ ವೇದಿಕೆ ನಡೆಯುತ್ತ ಬಂದಿದೆ. ಹಾಡು, ನಾಟಕ, ನೃತ್ಯ ಎಲ್ಲಕ್ಕೂ ಅಲ್ಲಿ ಜಾಗವಿದೆ.

ಇಂಥ ವೇದಿಕೆಯ ಮೇಲೆ ಇಬ್ಬರೇ ಕಲಾವಿದರನ್ನು ಕಲ್ಪಿಸಿಕೊಳ್ಳಿ, ಕಥೆಯಿಲ್ಲ, ಮಾತಿಲ್ಲ. ಒಬ್ಬರು ಸದ್ದು ಹುಟ್ಟಿಸುತ್ತಾರೆ, ಇನ್ನೊಬ್ಬರು ಚಲಿಸುತ್ತಾರೆ. ಸಮಕಾಲೀನ ನೃತ್ಯದ ಯುಗಳ ಪ್ರಯೋಗಗಳಲ್ಲಿ ಇದೊಂದು ಬಗೆ. ನೋಡುತ್ತ ಕುಳಿತವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಇವರಲ್ಲಿ ಮುಂದೆ ಹೋಗುವವರು ಯಾರು, ಹಿಂಬಾಲಿಸುವವರು ಯಾರು ಎಂಬುದು.

ಕರಾವಳಿಯವರಿಗೆ ಈ ಪ್ರಶ್ನೆ ಹೊಸದಲ್ಲ. ತೆಂಕುತಿಟ್ಟಿನ ಯಕ್ಷಗಾನದ ಆಟದಲ್ಲಿ ಪುಂಡುವೇಷಧಾರಿ ಧೀಂಗಿಣಕ್ಕೆ, ಅಂದರೆ ಗಿರಕಿ ಹೊಡೆಯುವ ಜಿಗಿತಕ್ಕೆ, ಏಳುವ ಹೊತ್ತನ್ನು ಗಮನಿಸಿ. ಒಂದು ಸುತ್ತು, ಎರಡು, ಹತ್ತು... ಎಷ್ಟು ಸುತ್ತು ಎಂದು ಮೊದಲೇ ಯಾರೂ ಬರೆದಿಟ್ಟಿಲ್ಲ. ಆ ರಾತ್ರಿಯ ಹುರುಪು, ಕಾಲಿನ ಕಸುವು, ಸಭೆಯ ಚಪ್ಪಾಳೆ ಅದನ್ನು ತೀರ್ಮಾನಿಸುತ್ತವೆ. ಬದಿಯಲ್ಲಿ ನಿಂತ ಚೆಂಡೆಯವರ ಕಣ್ಣು ಚೆಂಡೆಯ ಮೇಲಿರುವುದಿಲ್ಲ, ಆ ಪಾದಗಳ ಮೇಲಿರುತ್ತದೆ. ಕೋಲು ಪೆಟ್ಟು ಕೊಡುತ್ತಲೇ ಇರುತ್ತದೆ. ವೇಷಧಾರಿ ಕೈಯಲ್ಲೊಂದು ಸನ್ನೆ ಕೊಟ್ಟೊಡನೆ ಭಾಗವತರ ಜಾಗಟೆ, ಮದ್ದಳೆ, ಚೆಂಡೆ ಎಲ್ಲವೂ ಮುಕ್ತಾಯಕ್ಕೆ ಬಂದು, ಕೊನೆಯ ಪೆಟ್ಟೂ ಕೊನೆಯ ಹೆಜ್ಜೆಯೂ ಒಟ್ಟಿಗೆ ಬೀಳುತ್ತವೆ. ವೇಷಧಾರಿ ತಾಳಕ್ಕೆ ಕುಣಿಯುತ್ತಾನೆ ಎಂಬುದು ಅರ್ಧ ಸತ್ಯ. ಹಿಮ್ಮೇಳವೂ ಅವನ ಕುಣಿತಕ್ಕೆ ನುಡಿಯುತ್ತದೆ ಎಂಬುದು ಉಳಿದರ್ಧ.

ಬಾರಿಸುವುದು, ಕುಣಿಯುವುದು ಎರಡನ್ನೂ ಒಂದೇ ಮೈಯಲ್ಲಿ ಹೊತ್ತವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಹೋಳಿಯ ದಿನಗಳಲ್ಲಿ ಕುಡುಬಿ ಸಮುದಾಯದವರು ಗುಮಟೆ ಹಿಡಿದು ಕುಣಿಯುತ್ತಾರೆ. ಮಣ್ಣಿನ ಆ ವಾದ್ಯದ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಅದನ್ನು ಬಾರಿಸುವವರೇ ಕುಣಿಯುವವರು, ಹಾಡುವವರೂ ಅವರೇ. ಕಾಲು ತಪ್ಪಿದರೆ ಕೈಯೂ ತಪ್ಪುತ್ತದೆ.

ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಾಡು, ವಾದ್ಯ, ಕುಣಿತಗಳಷ್ಟರಲ್ಲೇ ಪ್ರಸಂಗ ನಡೆಸಿ ತೋರಿಸಿದರು. ಪಿಟೀಲು, ಸ್ಯಾಕ್ಸೊಫೋನ್‌ಗಳನ್ನೂ ಹಿಮ್ಮೇಳಕ್ಕೆ ತಂದರು. ಆಕ್ಷೇಪಗಳೂ ಬಂದವು. ಆದರೆ ಸದ್ದು ಮತ್ತು ಚಲನೆ ತಮ್ಮಷ್ಟಕ್ಕೆ ಎಷ್ಟು ಹೇಳಬಲ್ಲವು ಎಂದು ಪರೀಕ್ಷಿಸುವ ಧೈರ್ಯ ಈ ನೆಲದಲ್ಲಿ ಕಾರಂತರ ಕಾಲದಲ್ಲೇ ಇತ್ತು.

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ಮತ್ತು ಜಾನ್ ಕೇಜ್ ತದ್ವಿರುದ್ಧ ದಿಕ್ಕಿನಿಂದ ಕೇಳಿದರು. ಮೊದಲನೆಯವರು ನೃತ್ಯ ಸಂಯೋಜಕ, ಎರಡನೆಯವರು ಸಂಗೀತಗಾರ. ಎಷ್ಟು ನಿಮಿಷದ ಕೃತಿ ಎಂಬುದನ್ನಷ್ಟೇ ಮಾತಾಡಿಕೊಂಡು ಇಬ್ಬರೂ ಬೇರೆಬೇರೆಯಾಗಿ ದುಡಿಯುತ್ತಿದ್ದರು. ಎಷ್ಟೋ ಬಾರಿ ನರ್ತಕರು ಸಂಗೀತವನ್ನು ಮೊದಲು ಕೇಳುತ್ತಿದ್ದುದೇ ಪ್ರದರ್ಶನದ ದಿನ. ತಾಳದ ಆಸರೆ ಇಲ್ಲದಾಗ ನರ್ತಕರು ಹೊತ್ತನ್ನು ತಮ್ಮ ಮೈಯಲ್ಲೇ ಹಿಡಿದಿಟ್ಟುಕೊಳ್ಳಬೇಕಾಯಿತು, ಪಕ್ಕದವರ ಚಲನೆಯಿಂದ ಸಮಯ ಅರಿಯಬೇಕಾಯಿತು. ಸಂಗೀತದಿಂದ ಬಿಡಿಸಿಕೊಂಡರೂ ಒಬ್ಬರನ್ನೊಬ್ಬರು ಗಮನಿಸುವುದರಿಂದ ಬಿಡುಗಡೆ ಸಿಗಲಿಲ್ಲ. 1952ರಲ್ಲಿ ಕೇಜ್ 4 ನಿಮಿಷ 33 ಸೆಕೆಂಡಿನ ಕೃತಿಯೊಂದನ್ನು ರಚಿಸಿದರು. ವಾದಕ ಒಂದು ಸ್ವರವನ್ನೂ ನುಡಿಸುವುದಿಲ್ಲ. ಸಭಾಂಗಣದ ಕೆಮ್ಮು, ಹೊರಗಿನ ಗಾಳಿ ಮಳೆಯೇ ಅಲ್ಲಿ ಸಂಗೀತ. ಸುಮ್ಮನೆ ಕೂತು ಕೇಳುವುದೂ ಒಂದು ಕೆಲಸವೆಂದು ಅವರು ನಂಬಿದ್ದರು.

ಹೀಗೆ ನೋಡಿದರೆ ಸದ್ದಿಗೂ ಚಲನೆಗೂ ಇರುವುದು ಆಳು-ಒಡೆಯರ ಸಂಬಂಧವಲ್ಲ. ಎರಡೂ ಪರಸ್ಪರ ಕೇಳಿಸಿಕೊಂಡಾಗ ಮಾತ್ರ ಅದು ಯುಗಳವಾಗುತ್ತದೆ. ಅದಕ್ಕಾಗಿಯೇ ಯಕ್ಷಗಾನದಲ್ಲಿ ಹಿಮ್ಮೇಳ ಕುಣಿಯುವವರಿಗೆ ಅಷ್ಟು ಹತ್ತಿರ ಇರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರ ಕುಳಿತ ಪ್ರೇಕ್ಷಕನಿಗೆ ಹೆಜ್ಜೆ ಕಂಡು ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದ ಮೇಲೆ ಗೆಜ್ಜೆ ಕೇಳಿಸುತ್ತದೆ. ಪ್ರೇಕ್ಷಕ ಅಷ್ಟನ್ನು ತಾಳಿಕೊಳ್ಳಬಹುದು. ಕುಣಿಯುವವರಿಗೂ ಬಾರಿಸುವವರಿಗೂ ನಡುವೆ ಅಷ್ಟು ಅಂತರ ಬಿದ್ದರೆ ಆಟ ಕೆಡುತ್ತದೆ.

ಇವತ್ತು ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಈ ಸಾಮೀಪ್ಯವೇ ಕಾಣೆಯಾಗಿದೆ. ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಬರುತ್ತದೆ, ಸ್ಪೀಕರ್ ಅಬ್ಬರಿಸುತ್ತದೆ, ಮಕ್ಕಳು ಅದರ ಹಿಂದೆ ಓಡುತ್ತಾರೆ. ಒಂದು ಪುಟ್ಟ ಕಾಲು ತಡವಾದರೆ ಟ್ರ್ಯಾಕ್ ಕಾಯುವುದಿಲ್ಲ. ಮಗು ಹುಮ್ಮಸ್ಸಿನಿಂದ ಇನ್ನೊಂದು ಸುತ್ತು ಹಾಕಿದರೆ ಅದು ಹಿಗ್ಗುವುದೂ ಇಲ್ಲ. ಧ್ವನಿಮುದ್ರಣ ತಪ್ಪೆಂದು ಹೇಳುತ್ತಿಲ್ಲ. ಹಿಮ್ಮೇಳದವರನ್ನು ಕರೆಸುವ ಖರ್ಚು ಎಲ್ಲರಿಗೂ ಎಟುಕುವಂಥದ್ದಲ್ಲ, ಗಣಕಯಂತ್ರದ ನಾದದೊಂದಿಗೆ ಗಂಭೀರವಾಗಿ ದುಡಿಯುವ ನರ್ತಕರೂ ಇದ್ದಾರೆ. ಆದರೆ ತನ್ನ ಹೆಜ್ಜೆಯನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅನುಭವ ಮಗುವಿಗೆ ಒಮ್ಮೆಯಾದರೂ ಸಿಗಬೇಕು. ಆ ಅನುಭವ ಪಡೆದ ಮಗು ನಾಳೆ ಮನೆಯಲ್ಲಿ, ಕಚೇರಿಯಲ್ಲಿ ಎದುರಿಗಿದ್ದವರ ಮಾತಿಗೂ ತಾವು ಕೊಡಲು ಕಲಿಯುತ್ತದೆ.

ಅದಕ್ಕೆ ದೊಡ್ಡ ಯೋಜನೆ ಬೇಡ. ಹತ್ತು ನೃತ್ಯಗಳಿರುವ ಕಾರ್ಯಕ್ರಮದಲ್ಲಿ ಒಂದಕ್ಕಾದರೂ ಸ್ಪೀಕರ್ ಆರಿಸಿ, ಊರಿನ ಚೆಂಡೆಯವರನ್ನೋ ಗುಮಟೆಯವರನ್ನೋ ತಾಸೆಯವರನ್ನೋ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ. ಬಾರಿಸುವವರಿಗೆ ಸಂಭಾವನೆ ಕೊಡಿ, ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಹಾಕಿ. ಈ ವರ್ಷದ ವಾರ್ಷಿಕೋತ್ಸವಕ್ಕೆ ತಯಾರಿ ನಡೆಸುವ ಶಿಕ್ಷಕರೂ ಪೋಷಕರೂ ಮನಸ್ಸು ಮಾಡಿದರೆ ಇಷ್ಟು ಖಂಡಿತ ಆದೀತು.