ಬೆಂಕಿ ಆರಿದ್ದನ್ನು ಯಾರು ಹೇಳಬೇಕು?

ಲಾರಿಯ ಬಿಡಿಭಾಗ ಮಾಡುವ ಒಂದು ಸಣ್ಣ ಫೋರ್ಜಿಂಗ್ ಶಾಪು. ಉಕ್ಕಿನ ಬಿಲೆಟ್‌ಗಳನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹ್ಯಾಮರ್ ಕೆಳಗೆ ಕೊಡುತ್ತಾರೆ. ಕುಲುಮೆಗೆ ಎರಡು ಬರ್ನರ್. ಫರ್ನೇಸ್ ಆಯಿಲ್ ಬಿಟ್ಟು ಪೈಪ್ ಗ್ಯಾಸಿಗೆ ಬದಲಾದ ಮೇಲೆ ತೊಂದರೆ ಶುರುವಾಯಿತು. ಬೆಳಿಗ್ಗೆ ಹೊತ್ತಿಸಿದರೆ ಟ್ರಿಪ್, ಅಂದರೆ ಜ್ವಾಲೆಯ ಕಾವಲಿಗಿರುವ ಸೆನ್ಸರ್ ಬೆಂಕಿ ಇಲ್ಲವೆಂದು ಗ್ಯಾಸ್ ಕಡಿದುಬಿಡುತ್ತಿತ್ತು. ಮತ್ತೆ ಹೊತ್ತಿಸಿದರೆ ಮತ್ತೆ ಟ್ರಿಪ್. ಕುಲುಮೆ ಒಮ್ಮೆ ಕೆಂಪಾಯಿತೆಂದರೆ ಸಂಜೆಯವರೆಗೂ ಒಂದು ಟ್ರಿಪ್ಪೂ ಇಲ್ಲ. ಬೇಸತ್ತ ಆಪರೇಟರ್ ಬೆಳಗಿನ ಹೊತ್ತು ಬೆಂಕಿ ಇದೆಯೆಂದೇ ತೋರುವಂತೆ ಸೆನ್ಸರಿನ ಎರಡು ತುದಿಗೆ ಜಂಪರ್ ವೈರ್ ಸಿಕ್ಕಿಸತೊಡಗಿದ. ವಿಷಯ ತಿಳಿದ ಮಾಲೀಕರು ಮೆಂಟೆನೆನ್ಸ್ ಎಂಜಿನಿಯರನ್ನು ಕರೆದು ಕೇಳಿದರು: ಟ್ರಿಪ್ ಆಗದ ಸೆನ್ಸರ್ ಯಾವುದಿದೆ, ನೋಡಿ.

ಹಳೆಯ ಸೆನ್ಸರ್ ಕ್ಯಾಡ್ಮಿಯಂ ಸಲ್ಫೈಡ್ ಫೋಟೊಸೆಲ್, ಕಣ್ಣಿಗೆ ಕಾಣುವ ಬೆಳಕನ್ನು ಹಿಡಿಯುವಂಥದು. ಎಣ್ಣೆಯ ಹಳದಿ ಜ್ವಾಲೆಗೆ ಅದು ತಕ್ಕದ್ದಾಗಿತ್ತು. ಗ್ಯಾಸಿನ ನೀಲಿ ಜ್ವಾಲೆಯಲ್ಲಿ ಅದಕ್ಕೆ ಬೇಕಾದಷ್ಟು ಬೆಳಕಿಲ್ಲ. ಹಾಗಾಗಿ ಬೆಳಿಗ್ಗೆ ಇರುವ ಬೆಂಕಿಯನ್ನೇ ಇಲ್ಲವೆನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ನೋಡುತ್ತಿದ್ದದ್ದು ಜ್ವಾಲೆಯನ್ನಲ್ಲ, ಕುಲುಮೆಯ ಒಳಗೋಡೆಯಲ್ಲಿ ಕಾದು ಹೊಳೆಯುವ ಇಟ್ಟಿಗೆಯನ್ನು. ಎಂಜಿನಿಯರ್ ಒಂದು ಸಂಜೆ, ಕುಲುಮೆ ಕಾದಿರುವಾಗಲೇ ಗ್ಯಾಸ್ ವಾಲ್ವ್ ಮುಚ್ಚಿಸಿ ಮೀಟರ್ ತೋರಿಸಿದ. ಒಳಗೆ ಜ್ವಾಲೆಯಿಲ್ಲ, ಸೆಲ್ ಮಾತ್ರ ಬೆಂಕಿ ಇದೆ ಎನ್ನುತ್ತಲೇ ಇತ್ತು.

ಮಾಲೀಕರ ಬಳಿ ಉತ್ತರವಿತ್ತು. ಒಳಗೆ ಅಷ್ಟು ಬಿಸಿಯಿದ್ದರೆ ಗ್ಯಾಸ್ ತಾನಾಗಿಯೇ ಹೊತ್ತಿಕೊಳ್ಳುತ್ತದಲ್ಲ? ಈ ಮಾತು ತಪ್ಪಲ್ಲ. ಕೈಗಾರಿಕಾ ಕುಲುಮೆಗಳ ಅಮೆರಿಕದ ಸುರಕ್ಷತಾ ಸಂಹಿತೆ ಎನ್‌ಎಫ್‌ಪಿಎ 86 ಕೂಡ ಒಳಗಿನ ತಾಪ 760 ಡಿಗ್ರಿ ದಾಟಿದ್ದು ಖಚಿತವಿದ್ದರೆ ಜ್ವಾಲೆಯ ಕಾವಲಿಗೆ ವಿನಾಯಿತಿ ಕೊಡುತ್ತದೆ. ಆದರೆ ಜಾನ್ ವಿಲಿಯಂ ಡ್ರೇಪರ್ 1847ರಲ್ಲೇ ತೋರಿಸಿದಂತೆ ಘನವಸ್ತುಗಳು ಸುಮಾರು 525 ಡಿಗ್ರಿಯಲ್ಲಿ ಕೆಂಪಗೆ ಹೊಳೆಯಲು ತೊಡಗುತ್ತವೆ. ಆ ಎರಡು ಅಂಕಿಗಳ ನಡುವಿನ ಹಾದಿಯನ್ನು ಪ್ರತಿ ಕುಲುಮೆಯೂ ಕಾಯುವಾಗ ಒಮ್ಮೆ, ಆರುವಾಗ ಒಮ್ಮೆ ದಾಟಲೇಬೇಕು. ಅಲ್ಲಿ ಇಟ್ಟಿಗೆಗೆ ಕಣ್ಣನ್ನು ಮೋಸಗೊಳಿಸುವಷ್ಟು ಕೆಂಪು ಬಂದಿರುತ್ತದೆ, ಗ್ಯಾಸ್ ಹೊತ್ತಿಸಿಯೇ ತೀರುತ್ತದೆಂಬ ಭರವಸೆ ಮಾತ್ರ ಇರುವುದಿಲ್ಲ. ಪೈಪ್ ಗ್ಯಾಸಿನ ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟಿಸುತ್ತದೆ. ಜಂಪರ್ ಹಾಕುತ್ತಿದ್ದದ್ದು ಇಟ್ಟಿಗೆ ಇನ್ನೂ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ, ಅಂದರೆ ಈ ಕಾವಲು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿ.

ಆಪರೇಟರನ್ನು ದೂರುವುದು ಸುಲಭ. ಟ್ರಿಪ್ ಆದಾಗಲೆಲ್ಲ ಉತ್ತರ ಕೊಡಬೇಕಾದವನು ಅವನು. ಸ್ಫೋಟವಾದರೆ ಕುಲುಮೆಯ ಬಾಯಿಗೆ ಎದುರಾಗಿ ನಿಂತಿರುವವನೂ ಅವನೇ. ಸೆನ್ಸರ್ ಆರಿಸಲು ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ನಿಂತ ಕೆಲಸದ ನಷ್ಟಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವಿದೆ. ಸೆನ್ಸರ್ ಸುಳ್ಳು ಹೇಳಿಯೂ ಏನೂ ಆಗದೆ ಕಳೆದ ದಿನಗಳಿಗೆ ಎಲ್ಲೂ ಲೆಕ್ಕವಿಲ್ಲ.

ಎಂಜಿನಿಯರ್ ಪ್ರತಿಯೊಂದು ಸೆನ್ಸರನ್ನೂ ಬೇರೆಯೇ ಪ್ರಶ್ನೆಯಿಂದ ಪರೀಕ್ಷಿಸಿದ: ಇದು ಕೆಟ್ಟಾಗ ಏನೆನ್ನುತ್ತದೆ? ಅವಗೆಂಪು ಸೆನ್ಸರ್ ಜ್ವಾಲೆಯ ಮಿಣುಕಾಟವನ್ನು ಗುರುತಿಸುತ್ತದೆ, ಆದರೆ ಕೆಂಡದಂಥ ಇಟ್ಟಿಗೆಯ ಮುಂದೆ ಬಿಸಿ ಹೊಗೆ ಸುಳಿದಾಡಿದರೆ ಅದನ್ನೂ ಮಿಣುಕೆಂದೇ ನಂಬಬಹುದು. ಫ್ಲೇಮ್ ರಾಡ್ ನನಗೆ ತುಂಬ ಇಷ್ಟವಾದ ಉಪಾಯ. ಜ್ವಾಲೆಯಲ್ಲಿ ಅಯಾನುಗಳಿರುವುದರಿಂದ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ರಾಡಿಗಿಂತ ಬರ್ನರಿನ ಲೋಹದ ಮೈ ಹಲವು ಪಟ್ಟು ದೊಡ್ಡದಾದ್ದರಿಂದ ಒಂದೇ ದಿಕ್ಕಿಗೆ ಹೆಚ್ಚು ಹರಿಯುತ್ತದೆ. ಮಸಿ ಕಟ್ಟಿ ಶಾರ್ಟ್ ಆದರೆ ಎರಡೂ ದಿಕ್ಕಿಗೆ ಸಮನಾಗಿ ಹರಿದು, ಕಂಟ್ರೋಲರಿಗೆ ಇದು ಜ್ವಾಲೆಯಲ್ಲವೆಂದು ಗೊತ್ತಾಗುತ್ತದೆ. ಸುಳ್ಳು ಸಾಕ್ಷಿ ಸೃಷ್ಟಿಸುವುದು ಇಲ್ಲಿ ಕಷ್ಟ. ಆದರೆ 1200 ಡಿಗ್ರಿಯ ಈ ಕುಲುಮೆಯಲ್ಲಿ ರಾಡ್ ಬಾಗಿ ಸವೆದುಹೋಗುತ್ತದೆ.

ಉಳಿದದ್ದು ಅತಿನೇರಳೆ ಟ್ಯೂಬ್. ಅದು ನೋಡುವುದು ಸುಮಾರು 185ರಿಂದ 260 ನ್ಯಾನೊಮೀಟರ್ ಅಲೆಗಳನ್ನು. ಸೂರ್ಯನ ಬೆಳಕಿನ ಆ ಭಾಗವನ್ನು ಓಜೋನ್ ಮೇಲೆಯೇ ತಡೆಯುತ್ತದೆ. 1200 ಡಿಗ್ರಿಯ ಇಟ್ಟಿಗೆಯಿಂದಲೂ ಲೆಕ್ಕಕ್ಕೆ ಬರುವಷ್ಟು ಹೊರಡುವುದಿಲ್ಲ. ದೋಷ ಇರುವುದು ಅದರ ಮುಪ್ಪಿನಲ್ಲಿ. ಹಳತಾದ ಟ್ಯೂಬ್ ಜ್ವಾಲೆ ಇಲ್ಲದೆಯೂ ತಾನಾಗಿ ವಿದ್ಯುತ್ ಹರಿಸಿ ಇದೆ ಎನ್ನಬಲ್ಲದು. ಬೆಳಿಗ್ಗೆ ಹೊತ್ತಿಸಿ ಸಂಜೆ ಆರಿಸುವ ಬರ್ನರಾದರೆ ಹೊತ್ತಿಸುವ ಮೊದಲೇ ಕಂಟ್ರೋಲರ್ ಈ ಸುಳ್ಳನ್ನು ಹಿಡಿಯುತ್ತದೆ. ದಿನಗಟ್ಟಲೆ ಆರಿಸದೆ ಓಡಿಸಿದರೆ ಹಿಡಿಯುವವರೇ ಇಲ್ಲ. ಆರ್ಡರ್ ಜೋರಾಗಿದ್ದಾಗ ಈ ಶಾಪಿನಲ್ಲಿ ಹಾಗೆಯೇ ಓಡಿಸುತ್ತಾರೆ. ಅಂಥ ಕಡೆಗೆಂದೇ ಷಟರ್ ಇರುವ ಸೆನ್ಸರ್ ಬರುತ್ತದೆ: ಆಗಾಗ ತನ್ನ ಕಣ್ಣು ತಾನೇ ಮುಚ್ಚಿಕೊಂಡು, ಆಗಲೂ ಬೆಂಕಿ ಕಂಡರೆ ಗ್ಯಾಸ್ ಕಡಿದುಬಿಡುತ್ತದೆ. ಬೆಲೆ ಹೆಚ್ಚು. ಎಂಜಿನಿಯರ್ ಕೇಳಿದ್ದು ಅದನ್ನೇ.

ಮಾಲೀಕರು ಒಪ್ಪಿದರು, ಅರ್ಧ. ಒಂದು ಬರ್ನರಿಗೆ ಈಗ, ಇನ್ನೊಂದಕ್ಕೆ ಮುಂದಿನ ಬಿಲ್ ಪಾಸಾದ ಮೇಲೆ. ಕೆಟ್ಟ ಮನುಷ್ಯರಲ್ಲ, ಸಾಲದಲ್ಲಿ ಶಾಪು ನಡೆಸುವವರು. ಅರ್ಧ ಖರ್ಚಿಗೆ ಅರ್ಧ ಸುರಕ್ಷತೆ ಬಂತೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಆದರೆ ಎರಡು ಬರ್ನರಿನ ಗ್ಯಾಸೂ ಸೇರುವುದು ಒಂದೇ ಕೋಣೆಗೆ. ಹಳೆಯ ಫೋಟೊಸೆಲ್ ಇರುವ ಬರ್ನರ್ ಆರಿ ಗ್ಯಾಸ್ ಸುರಿಯತೊಡಗಿದರೆ, ಪಕ್ಕದ ಹೊಸ ಸೆನ್ಸರ್ ತನ್ನ ಜ್ವಾಲೆಯನ್ನು ಕಂಡು ಎಲ್ಲ ಸರಿಯಿದೆ ಎಂದೇ ಹೇಳುತ್ತದೆ, ಅದೂ ನಿಜವನ್ನೇ. ಎರಡನೆಯ ಸೆನ್ಸರ್ ಬರುವವರೆಗೆ ಎರಡನೆಯ ಬರ್ನರಿನ ವಾಲ್ವಿಗೆ ಬೀಗ ಹಾಕಬೇಕು, ಕೀಲಿ ಎಂಜಿನಿಯರ್ ಬಳಿ ಇರಬೇಕು. ಬಿಲೆಟ್ ಕಾಯುವುದು ತಡವಾಗುತ್ತದೆ. ಆ ತಡದ ನಷ್ಟವನ್ನು ಆಪರೇಟರಿನ ಹೆಸರಿಗೆ ಬರೆಯದೆ ಮಾಲೀಕರು ತಮ್ಮ ಖಾತೆಗೆ ಬರೆದುಕೊಳ್ಳಬೇಕು.