ಶಿಫಾರಸೋ, ಸಾಕ್ಷಿಯೋ?

ಹರಿಹರದಿಂದ ಬಸ್ಸಿನಲ್ಲಿ ಬಂದು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ನಮ್ಮ ಮಕ್ಕಳು ಅಮೆರಿಕಕ್ಕೂ ಅರ್ಜಿ ಹಾಕುತ್ತಾರೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಎಂ.ಎಸ್. ಪ್ರವೇಶಕ್ಕೆ 2-3 ಶಿಫಾರಸು ಪತ್ರ ಕೇಳುತ್ತವೆ. ನಾವು ಕೂಡಲೇ ಪ್ರಾಂಶುಪಾಲರ, ಶಾಸಕರ ಬಾಗಿಲಿಗೆ ಓಡುತ್ತೇವೆ. ಉರ್ದುವಿನ ‘ಸಿಫಾರಿಶ್’ ನಮ್ಮ ಕಿವಿಗೆ ವಶೀಲಿಯೆಂದೇ ಕೇಳಿಸುತ್ತದಲ್ಲ! ಆದರೆ ಅವರು ಕೇಳುತ್ತಿರುವುದು ಸಾಕ್ಷಿ.

ಒಬ್ಬನ ಪರವಾಗಿ ಸಾಕ್ಷಿ ನುಡಿದವನನ್ನು ಹಝ್ರತ್ ಉಮರ್ ಅವರು, ಅವನ ನೆರೆಯಲ್ಲಿದ್ದೆಯಾ, ಹಣದ ವ್ಯವಹಾರ ಮಾಡಿದ್ದೀಯಾ, ಜೊತೆಗೆ ಪ್ರಯಾಣಿಸಿದ್ದೀಯಾ ಎಂದು ಕೇಳಿದರಂತೆ. ಎಲ್ಲಕ್ಕೂ ಇಲ್ಲವೆಂದಾಗ ಆ ಸಾಕ್ಷಿಯನ್ನು ಒಪ್ಪಲಿಲ್ಲವಂತೆ.

ಪ್ರಯೋಗಾಲಯದಲ್ಲಿ ಮೂರು ಸಲ ಸೋತ ಹುಡುಗಿ ನಾಲ್ಕನೇ ಸಲ ಕೈಹಾಕಿದ್ದನ್ನು ಕಂಡವರು ಕಿರಿಯ ಉಪನ್ಯಾಸಕಿ. ಶಾಸಕರಿಗೆ ಗೊತ್ತಿರುವುದು ಅವಳ ತಂದೆಯ ಹೆಸರು. ವಿದ್ಯಾರ್ಥಿಯೇ ಬರೆದೊಯ್ದು ಸಹಿ ಹಾಕಿಸಿಕೊಳ್ಳುವ ರೂಢಿಯೂ ಉಂಟು. ಆ ಸುಳ್ಳುಸಾಕ್ಷಿಯಲ್ಲಿ ಇಬ್ಬರೂ ಪಾಲುದಾರರು. ‘ನಿನ್ನ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲಪ್ಪ’ ಎನ್ನುವ ಮೇಷ್ಟ್ರ ಮೇಲೆ ಮಾತ್ರ ನಾವು ಮುನಿಸಿಕೊಳ್ಳುತ್ತೇವೆ.