ಹಿಮದ ದಾರಿಯೂ ಆಪ್ತವಾಕ್ಯವೂ

ಹೇಳುವವನು ಪಟ್ಟ ಕಷ್ಟವು ಅವನು ಹೇಳಿದ ಮಾತಿಗೆ ಪ್ರಮಾಣವಾಗಬಲ್ಲುದೇ? ಲೋಕರೂಢಿಯನ್ನು ನೋಡಿದರೆ ಆಗುತ್ತದೆಂದೇ ತೋರುವುದು. ಮೆತ್ತೆಯ ಮೇಲೆ ಒರಗಿ ವೈರಾಗ್ಯವನ್ನು ಬೋಧಿಸುವವನ ಮಾತನ್ನು ಜನರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಉಪವಾಸದಿಂದ ಕೃಶನಾದವನು ಅದನ್ನೇ ಹೇಳಿದರೆ ಕೈಮುಗಿದು ಕೇಳುತ್ತಾರೆ. ಮಾತು ಒಂದೇ, ಆದರೂ ಹೇಳಿದವನ ಮೈಮೇಲಿನ ಗುರುತುಗಳು ಅದರ ತೂಕವನ್ನು ಬದಲಾಯಿಸಿಬಿಡುತ್ತವೆ. ಈ ರೂಢಿಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಿಚಾರಿಸುವುದಕ್ಕೆ ಅಮೆರಿಕ ದೇಶದ ಮಾರ್ಮನ್ ಪಂಥದ ತರುಣ ಬೋಧಕರ ಚರಿತ್ರೆಯು ಒಳ್ಳೆಯ ದೃಷ್ಟಾಂತವಾಗಿದೆ.

ಈ ಪಂಥವು 1830ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬಾತನಿಂದ ಸ್ಥಾಪಿತವಾಯಿತು. ದೈವಾನುಗ್ರಹದಿಂದ ತನಗೆ ದೊರೆಯಿತೆಂದು ಆತನು ಪ್ರಕಟಿಸಿದ 'ಮಾರ್ಮನ್ ಗ್ರಂಥ'ದಿಂದ ಪಂಥಕ್ಕೆ ಈ ಹೆಸರು ಬಂದಿತು. ಪಂಥದ ತರುಣರು ಎರಡು ವರ್ಷಕಾಲ ಮನೆಬಿಟ್ಟು ಹೋಗಿ ಮತಬೋಧೆ ಮಾಡಿ ಬರುವುದು ಅಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. 2012ರವರೆಗೆ 19 ತುಂಬಿದವರು ಹೊರಡುತ್ತಿದ್ದರು. ಆ ವರ್ಷ ಅದನ್ನು 18ಕ್ಕೆ ಇಳಿಸಿದರು. ತರುಣಿಯರೂ ಹೋಗುತ್ತಾರೆ, ಅವರ ಅವಧಿ 18 ತಿಂಗಳು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ಸಭೆಯ ಮುಖ್ಯಸ್ಥರು ಗೊತ್ತುಮಾಡುತ್ತಾರೆ. ಸಂಬಳವಿಲ್ಲ, ವೆಚ್ಚವನ್ನು ಬಹುಮಟ್ಟಿಗೆ ಹೋಗುವವರೂ ಅವರ ಮನೆಯವರೂ ಹೊರುತ್ತಾರೆ. 2019ರವರೆಗೆ ಮನೆಯವರೊಡನೆ ಟೆಲಿಫೋನಿನಲ್ಲಿ ಮಾತನಾಡುವುದಕ್ಕೆ ವರ್ಷಕ್ಕೆ ಎರಡು ಸಲ ಮಾತ್ರ ಅಪ್ಪಣೆಯಿತ್ತು: ಕ್ರಿಸ್ಮಸ್ ಹಬ್ಬಕ್ಕೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಮೀಸೆ ಈಗತಾನೆ ಮೂಡುತ್ತಿರುವ ಹುಡುಗನಿಗೂ ಅಲ್ಲಿ 'ಎಲ್ಡರ್', ಎಂದರೆ 'ಹಿರಿಯ', ಎಂಬ ಬಿರುದು. ಕೇಳಿದವರಿಗೆ ನಗು ಬಂದರೆ ತಪ್ಪಲ್ಲ. ಆದರೆ ಎರಡು ವರ್ಷ ಪರದೇಶದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಇಲ್ಲವೆನ್ನಿಸಿಕೊಂಡು ಬಂದವನು ಒಂದಿಷ್ಟು ಹಿರಿಯನಾಗಿಯೇ ಬರುವನೆಂಬುದನ್ನೂ ಒಪ್ಪಬೇಕು.

ಬುದ್ಧನು ತನ್ನ ಮೊದಲ ಭಿಕ್ಷುಗಳನ್ನು ಕಳುಹಿಸುವಾಗ ಒಂದೇ ದಾರಿಯಲ್ಲಿ ಇಬ್ಬರು ಹೋಗಕೂಡದೆಂದು ವಿಧಿಸಿದನು. ಕ್ರಿಸ್ತನು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದನು. ಮಾರ್ಮನರದು ಈ ಎರಡನೆಯ ಸಂಪ್ರದಾಯ. ಇನ್ನೊಂದು ಭೇದವೂ ಉಂಟು. ನಮ್ಮ ಯತಿಗಳಾಗಲಿ ಜೈನ ಬೌದ್ಧ ಭಿಕ್ಷುಗಳಾಗಲಿ ಮಳೆಗಾಲದಲ್ಲಿ ಸಂಚಾರವನ್ನು ಬಿಟ್ಟು ಒಂದೆಡೆಯಲ್ಲಿ ನಿಲ್ಲುವರು. ಎಳೆಯ ಹಸುರನ್ನೂ ಹುಳುಹುಪ್ಪಟೆಯನ್ನೂ ತುಳಿಯಬಾರದೆಂಬ ಕರುಣೆ ಆ ನಿಯಮದಲ್ಲಿದೆ. ಋತುವಿಗೆ ತಲೆಬಾಗುವ ಇಂಥ ನಿಯಮವು ಮಾರ್ಮನರಲ್ಲಿಲ್ಲ. ಚಳಿಗಾಲವು ಬಂದಿತೆಂದು ಅವರ ಬೋಧಕನು ಕಾರ್ಯವನ್ನು ನಿಲ್ಲಿಸುವಂತಿಲ್ಲ. ಪಂಥವು ಹುಟ್ಟಿದ ವರ್ಷದ ಚಳಿಗಾಲದಲ್ಲಿಯೇ ಇದರ ಪರೀಕ್ಷೆಯಾಯಿತು.

1830ರ ಅಕ್ಟೋಬರಿನಲ್ಲಿ ನಾಲ್ವರು ನ್ಯೂಯಾರ್ಕ್ ಸಂಸ್ಥಾನದಿಂದ ಪಶ್ಚಿಮಾಭಿಮುಖವಾಗಿ ಹೊರಟರು. ಆಲಿವರ್ ಕೌಡರಿಗೆ 24 ವರ್ಷ, ಪಾರ್ಲೆ ಪ್ರ್ಯಾಟನಿಗೆ 23, ಪೀಟರ್ ವಿಟ್ಮರನಿಗೆ 21; ನಾಲ್ಕನೆಯವನು ಝೈಬಾ ಪೀಟರ್ಸನ್. ಅಮೆರಿಕದ ಮೂಲನಿವಾಸಿಗಳ ಪೂರ್ವಜರ ಇತಿಹಾಸವೇ ತಮ್ಮ ಗ್ರಂಥದಲ್ಲಿದೆಯೆಂಬುದು ಅವರ ನಂಬಿಕೆ. ಅದನ್ನು ಆ ಜನರಿಗೇ ಒಪ್ಪಿಸಬೇಕೆಂಬುದು ಅವರ ಉದ್ದೇಶ. ದಾರಿಯಲ್ಲಿ ಒಹಾಯೋ ಸಂಸ್ಥಾನದ ಕರ್ಟ್‌ಲೆಂಡಿನಲ್ಲಿ ನೂರಕ್ಕೆ ಮೇಲ್ಪಟ್ಟು ಜನರು ಪಂಥಕ್ಕೆ ಸೇರಿದರು. ಅಲ್ಲಿಯ ವೈದ್ಯ ಫ್ರೆಡರಿಕ್ ವಿಲಿಯಮ್ಸನು, ನಲವತ್ತು ದಾಟಿದವನು, ಇವರ ಜೊತೆಗೆ ಹೊರಟನು. ಅಲ್ಲಿಂದ ಮುಂದೆ ಚಳಿಗಾಲವು ಎದುರಾಯಿತು. ಇಲಿನಾಯ್ ಸೀಮೆಯವರು ಬಹುಕಾಲ 'ಆಳದ ಹಿಮದ ಚಳಿಗಾಲ'ವೆಂದು ನೆನೆಯುತ್ತಿದ್ದ ವರ್ಷವದು. 21 ವರ್ಷದ ಅಬ್ರಹಾಂ ಲಿಂಕನ್ನನ ಕುಟುಂಬವೂ ಆ ಸೀಮೆಗೆ ಹೊಸದಾಗಿ ಬಂದು ಅದೇ ಹಿಮದಲ್ಲಿ ಸಿಕ್ಕಿಕೊಂಡಿತ್ತು.

ಒಹಾಯೋ ನದಿಯ ಮುಖವು ನೀರ್ಗಲ್ಲಿನಿಂದ ಮುಚ್ಚಿಹೋದುದರಿಂದ ಹೊಗೆಹಡಗು ಮುಂದೆ ಸಾಗಲಿಲ್ಲ. ಅಲ್ಲಿಂದ ಸೇಂಟ್ ಲೂಯಿ ಪಟ್ಟಣದ ಸಮೀಪಕ್ಕೆ 200 ಮೈಲು ನಡೆದರು. ಅಲ್ಲಿಂದ ಗಡಿನಾಡಿನ ಇಂಡಿಪೆಂಡೆನ್ಸ್ ಎಂಬ ಊರಿಗೆ ಮತ್ತೆ 300 ಮೈಲು. ಈ ಎರಡನೆಯ ದಾರಿಯು ಬಯಲು ಹುಲ್ಲುಗಾವಲು. ತುಳಿದ ಹಾದಿಯೆಂಬುದಿಲ್ಲ, ದಿನವಿಡೀ ನಡೆದರೂ ಒಂದು ಮನೆ ಕಾಣುವುದಿಲ್ಲ, ಕೆಲವೆಡೆ ಹಿಮವು ಮೂರಡಿಯ ಹತ್ತಿರ. ಬಟ್ಟೆಯನ್ನೂ ಗ್ರಂಥಗಳನ್ನೂ ಬೆನ್ನಮೇಲೆ ಹೊತ್ತಿದ್ದರು. ತಿನ್ನುವುದಕ್ಕೆ ಮೆಕ್ಕೆಜೋಳದ ರೊಟ್ಟಿ ಮತ್ತು ಹಸಿಯ ಹಂದಿಮಾಂಸ; ರೊಟ್ಟಿಯು ಹೆಪ್ಪುಗಟ್ಟಿ ಹೊರಪದರದ ಹೊರತು ಹಲ್ಲಿಗೆ ಬಗ್ಗುತ್ತಿರಲಿಲ್ಲವೆಂದು ಪ್ರ್ಯಾಟನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1831ರ ಆರಂಭದಲ್ಲಿ ಅವರು ಗಡಿಯನ್ನು ಮುಟ್ಟಿದಾಗ ಒಟ್ಟು ದಾರಿಯು ಸುಮಾರು 1500 ಮೈಲಾಗಿತ್ತು.

ಇದನ್ನು ಓದಿದ ಸಹೃದಯನ ಮನಸ್ಸಿನಲ್ಲಿ ಒಂದು ಪೂರ್ವಪಕ್ಷವು ತಾನಾಗಿಯೇ ಏಳುವುದು: ಸುಳ್ಳಿಗಾಗಿ ಯಾರು ತಾನೆ ಇಷ್ಟು ಕಷ್ಟಪಟ್ಟಾರು? ಇದಕ್ಕೆ ಉತ್ತರವು ನಮ್ಮ ನ್ಯಾಯಶಾಸ್ತ್ರದಲ್ಲಿ ದೊರೆಯುತ್ತದೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ಸೂತ್ರ. ಆಪ್ತನೆಂದರೆ ಯಾರು? ವಿಷಯವನ್ನು ಸ್ವತಃ ಸಾಕ್ಷಾತ್ತಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯೂ ಇರಬೇಕು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಸೇರಿಸಿರುವುದು ಗಮನಾರ್ಹ. ಆದುದರಿಂದ ಪರದೇಶದವರೆಂಬ ಕಾರಣಕ್ಕೆ ಈ ತರುಣರನ್ನು ವಿಚಾರಣೆಯಿಂದ ಹೊರಗಿಡುವಂತಿಲ್ಲ. ಈಗ ನೋಡತಕ್ಕದ್ದು ಇಷ್ಟೆ. ಹಿಮದಲ್ಲಿ 500 ಮೈಲು ನಡೆದುದು ಎರಡನೆಯ ಅಂಗವನ್ನು ಸಾಧಿಸುತ್ತದೆ: ಅವರು ವಂಚಕರಲ್ಲ, ನಂಬಿದ್ದನ್ನೇ ಹೇಳುತ್ತಿದ್ದರು. ಮೊದಲನೆಯ ಅಂಗವಾದ ಸಾಕ್ಷಾತ್ ಜ್ಞಾನವನ್ನು ಹಿಮವಾಗಲಿ ಹಸಿವಾಗಲಿ ಸಾಧಿಸಲಾರದು. ಹಗ್ಗವನ್ನು ಹಾವೆಂದು ಕಂಡವನು ಓಡಿ ಬಿದ್ದು ಮೊಣಕಾಲು ಒಡೆದುಕೊಂಡರೆ ಅವನ ಭಯವು ನಿಜವೆಂದು ಗೊತ್ತಾಗುತ್ತದೆ. ಅಲ್ಲಿ ಹಾವಿತ್ತೆಂದು ಗೊತ್ತಾಗುವುದಿಲ್ಲ. ಹಾಗೆಂದು ಹಾವು ಇರಲಿಲ್ಲವೆಂದೂ ಒಡೆದ ಮೊಣಕಾಲು ಹೇಳಲಾರದು. ಅದಕ್ಕೆ ಬೇರೆ ಪ್ರಮಾಣವನ್ನೇ ಹುಡುಕಬೇಕು.

ಕಷ್ಟಪಟ್ಟವರನ್ನೇ ಆ ಕಷ್ಟವು ಕಟ್ಟಿಹಾಕಲಿಲ್ಲವೆಂಬುದು ಇನ್ನೂ ವಿಚಾರಾರ್ಹ. ಪೀಟರ್ಸನ್ನನು ಕೆಲವೇ ವರ್ಷಗಳಲ್ಲಿ ಪಂಥವನ್ನು ಬಿಟ್ಟನು. ಮುಂದಾಳಾಗಿದ್ದ ಕೌಡರಿಯನ್ನು 1838ರಲ್ಲಿ ಸಭೆಯಿಂದ ಹೊರಗೆ ಹಾಕಿದರು. ಹತ್ತು ವರ್ಷದ ಮೇಲೆ ಹಿಂದಿರುಗಿದನು. ವೈದ್ಯನೂ ಒಮ್ಮೆ ಹೊರಗಾಗಿ ಮತ್ತೆ ಸೇರಿದನು. ಪ್ರ್ಯಾಟನು 1857ರಲ್ಲಿ ಕೊಲೆಯಾಗುವವರೆಗೂ ಬೋಧಕನಾಗಿಯೇ ಇದ್ದನು. ಒಂದೇ ಹಿಮವನ್ನು ತುಳಿದವರು ಹೀಗೆ ಬೇರೆ ಬೇರೆ ದಾರಿ ಹಿಡಿದರು. ಗ್ರಂಥದ ವಿಷಯದಲ್ಲಿಯೂ ಒಂದು ಮಾತು. ಗ್ರಂಥದಲ್ಲಿ ಹೇಳಿರುವ ಒಂದು ಜನಾಂಗವೇ ಮೂಲನಿವಾಸಿಗಳ ಮುಖ್ಯ ಪೂರ್ವಜರೆಂದು 1981ರ ಮುದ್ರಣದ ಪೀಠಿಕೆಯಲ್ಲಿ ಬರೆದಿದ್ದ ಸಭೆಯವರು 2006ರ ಮುದ್ರಣದಿಂದ ಅವರು ಪೂರ್ವಜರೊಳಗೆ ಸೇರಿದವರೆಂದಷ್ಟೇ ಹೇಳಿದರು. ಇಂಥ ತಿದ್ದುಪಡಿಯು ಹಿಮದಿಂದ ಆಗುವಂಥದಲ್ಲ. ಕುಳಿತು ವಿಚಾರಮಾಡಿದವರಿಂದಲೇ ಆಗತಕ್ಕದ್ದು.

ತರುಣನಿಗೆ ಇಲ್ಲೊಂದು ಗಂಡಾಂತರವುಂಟು. ಬೆರಳು ಮರಗಟ್ಟಿ ನಿಂತಿರುವವನು ತಾನು ಹೇಳುವುದು ನಿಜವೇ ಎಂದು ಶಂಕಿಸಿಕೊಳ್ಳುವುದು ಸುಲಭವಲ್ಲ. ಶಂಕಿಸಿದರೆ ಪಟ್ಟ ಕಷ್ಟವೆಲ್ಲ ವ್ಯರ್ಥವೆಂದಾದೀತು. ತಂದೆತಾಯಿಗಳು ಕೂಡಿಟ್ಟು ಕಳುಹಿಸಿದ ಹಣ, ಕಳೆದ ಯೌವನದ ಎರಡು ವರ್ಷ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಅವನು ಇನ್ನಷ್ಟು ಬಲವಾಗಿ ನಂಬುತ್ತಾನೆ. ಹೀಗೆ ಬಲವಾದುದು ಜ್ಞಾನವೋ, ಕಳೆದುಕೊಳ್ಳಲಾರದ ಮನಸ್ಸೋ? ಇದು ಮಾರ್ಮನರಿಗೆ ಮಾತ್ರ ಬಂದ ಕಷ್ಟವೆಂದು ತಿಳಿಯಬಾರದು. ಹನ್ನೆರಡು ವರ್ಷ ಗುರುಕುಲದಲ್ಲಿ ಕಂಠಪಾಠ ಮಾಡಿದವನೂ ಅರ್ಥವನ್ನು ಕೇಳುವ ಶಿಷ್ಯನ ಮೇಲೆ ಸಿಟ್ಟಾಗುವುದುಂಟು.

ಇನ್ನು ಕೇಳುವವನ ಕಡೆಯಿಂದ ನೋಡೋಣ. ಆ ಐವರಲ್ಲಿ ಇಬ್ಬರು ಇಂಡಿಪೆಂಡೆನ್ಸಿನಲ್ಲಿ ಉಳಿದು ಹೊಲಿಗೆಯ ಕೆಲಸದಿಂದ ಹೊಟ್ಟೆಹೊರೆದರು. ಮಿಕ್ಕವರು ಗಡಿಯನ್ನು ದಾಟಿ ಡೆಲವೇರ್ ಜನರ ಬಳಿಗೆ ಹೋದರು. ಈ ಜನರು ಯಾರು? ಪೂರ್ವಸಮುದ್ರದ ತೀರದಲ್ಲಿದ್ದವರು; ಬಿಳಿಯರು ಬಂದಂತೆಲ್ಲ ಪಶ್ಚಿಮಕ್ಕೆ ತಳ್ಳಿಸಿಕೊಂಡು ಒಹಾಯೋ, ಇಂಡಿಯಾನ, ಮಿಸ್ಸೂರಿ ಸೀಮೆಗಳನ್ನು ಒಂದೊಂದಾಗಿ ಬಿಟ್ಟು ಆಗತಾನೆ ಕ್ಯಾನ್ಸಸ್ ನದಿಯ ದಡಕ್ಕೆ ಬಂದಿದ್ದವರು. ಬೋಧಕರು ತುಳಿದ ಹಿಮವನ್ನೇ ಅವರೂ ಹೆಂಗಸರು ಮಕ್ಕಳೊಡನೆ ಸಹಿಸುತ್ತಿದ್ದರು. ಭೇದವೇನೆಂದರೆ ಇವರು ಆರಿಸಿಕೊಂಡು ಬಂದವರು, ಅವರು ಅಟ್ಟಿಸಿಕೊಂಡು ಬಂದವರು. ಅವರ ವೃದ್ಧನಾಯಕನಾದ ವಿಲಿಯಂ ಆಂಡರ್ಸನ್ನನು ದುಭಾಷಿಯ ಮೂಲಕ ಇವರ ಮಾತನ್ನು ಆದರದಿಂದ ಕೇಳಿದನೆಂದು ಪ್ರ್ಯಾಟನು ಬರೆಯುತ್ತಾನೆ. ಬರೆದವನು ಬೋಧಕನೇ ಆದರೂ ನಾಯಕನ ಉತ್ತರವನ್ನು ಮುಚ್ಚಿಡದಿದ್ದುದು ಅವನಿಗೆ ಭೂಷಣ. ದೂರದಿಂದ ಬಂದವರಿಗೆ ನಾಯಕನು ವಂದನೆ ಹೇಳಿದನು. ಆದರೆ ಈಗ ಚಳಿಗಾಲ, ತಾವು ಈ ನೆಲಕ್ಕೆ ಹೊಸಬರು, ಹಿಮವು ಆಳವಾಗಿದೆ, ದನಗಳೂ ಕುದುರೆಗಳೂ ಸಾಯುತ್ತಿವೆ, ಗುಡಿಸಲುಗಳು ಬಡವು, ವಸಂತದಲ್ಲಿ ಮನೆಕಟ್ಟಿ ಬೇಲಿಹಾಕಿ ಹೊಲಮಾಡಬೇಕು. ಸಭೆಯ ಮನೆಯೊಂದನ್ನೂ ಕಟ್ಟುತ್ತೇವೆ, ಆಗ ಬಂದು ಓದಿ ಹೇಳಿರಿ ಎಂದನು.

ಈ ಉತ್ತರದಲ್ಲಿ ನೂರು ಶಾಸ್ತ್ರಗಳ ವಿವೇಕವಿದೆ. ಬಂದವರ ಕಷ್ಟವನ್ನು ಅವನು ಕಡೆಗಣಿಸಲಿಲ್ಲ. ಅದಕ್ಕೆ ಸಲ್ಲತಕ್ಕ ಆತಿಥ್ಯವನ್ನೂ ಕಿವಿಯನ್ನೂ ಕೊಟ್ಟನು. ಸಮ್ಮತಿಯನ್ನು ಮಾತ್ರ ವಸಂತಕ್ಕೆ ಕಾದಿರಿಸಿದನು. ಆ ವಸಂತದ ಸಭೆ ಕೂಡಲಿಲ್ಲ. ಅಪ್ಪಣೆಯ ಚೀಟಿಯಿಲ್ಲದೆ ಮೂಲನಿವಾಸಿಗಳ ಸೀಮೆಯನ್ನು ಹೊಕ್ಕರೆಂದು ಸರ್ಕಾರದ ಏಜೆಂಟನು ಬೋಧಕರನ್ನು ಹೊರಡಿಸಿದನು. ಫೆಬ್ರವರಿಯಲ್ಲಿ ಪ್ರ್ಯಾಟನು ಪೂರ್ವಕ್ಕೆ ಹಿಂದಿರುಗಿದನು. ನಾಯಕನು ಅದೇ ವರ್ಷ ತೀರಿಕೊಂಡನು.

ಆ ವೃದ್ಧನು ಮಾಡಿದ ವಿಭಾಗವು ಇಂದಿನ ಗೃಹಸ್ಥನಿಗೂ ಬೇಕಾದುದೇ. ಉತ್ತರದೇಶಗಳಲ್ಲಿ ಈಗಲೂ ಈ ತರುಣರು ಹಿಮದಲ್ಲಿ ತಿರುಗುತ್ತಾರೆ. ಫಿನ್‌ಲೆಂಡಿನ ಹೆಲ್ಸಿಂಕಿ ಪಟ್ಟಣದಲ್ಲಿ ಡಿಸೆಂಬರಿನ ಸೂರ್ಯನು ಹಗಲು ಮೂರು ಗಂಟೆ ದಾಟುತ್ತಲೇ ಮುಳುಗುವನು. ಕತ್ತಲಲ್ಲಿ ಇಬ್ಬರು ಹುಡುಗರು ಒಂದು ಮನೆಯ ಬಾಗಿಲನ್ನು ತಟ್ಟಿದರೆಂದಿಟ್ಟುಕೊಳ್ಳೋಣ. ನಡುಗುವವರನ್ನು ಒಳಗೆ ಕರೆಯುವುದು ಯಾವ ದೇಶದಲ್ಲಿಯೂ ಗೃಹಸ್ಥಧರ್ಮವೇ. ಕರೆದ ಮೇಲೆ, ಇಷ್ಟು ಕಷ್ಟಪಟ್ಟು ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆಂಬ ದಾಕ್ಷಿಣ್ಯವು ಮನೆಯವರನ್ನು ಕಾಡಬಹುದು. ದಾಕ್ಷಿಣ್ಯಕ್ಕೆ ಹೂಂಗುಟ್ಟುವುದು ಬೋಧಕನಿಗೂ ಮೋಸ. ಇದರ ದಾರಿಯನ್ನು ಆ ಹುಡುಗರೇ ತಿಳಿಯದೆ ತೋರಿಸಿಕೊಡುತ್ತಾರೆ. ಫಿನ್‌ಲೆಂಡಿನವರು ಕಾಫಿಯ ವಿಷಯದಲ್ಲಿ ನಮ್ಮ ಮೈಸೂರು ಸೀಮೆಯವರನ್ನು ಮೀರಿಸಿದವರು. ಬಂದವರ ಮುಂದೆ ಅವರು ಮೊದಲು ಇಡುವುದು ಅದನ್ನೇ. ಮಾರ್ಮನರಿಗೆ ಕಾಫಿಯೂ ಚಹವೂ ನಿಷಿದ್ಧ. 1833ರಿಂದ ಬಂದ ವಿಧಿಯದು. ಹುಡುಗನು ಬಟ್ಟಲನ್ನು ನಯವಾಗಿ ಹಿಂದಕ್ಕೆ ಸರಿಸಿ ತನ್ನ ನಿಯಮವನ್ನು ಹೇಳುತ್ತಾನೆ. ಮನೆಯಾಕೆಯು ಬೇಸರಪಡದೆ ಹಾಲನ್ನು ಕಾಯಿಸಿ ತರುತ್ತಾಳೆ. ಮುಂದೆ ಹುಡುಗನು ಚೀಲದಿಂದ ಗ್ರಂಥವನ್ನು ತೆಗೆದಾಗ ಆಕೆಯೂ ಅಷ್ಟೇ ನಯದಿಂದ ಬೇಡವೆನ್ನಬಹುದು, ಇಲ್ಲವೆ ಓದಿ ನೋಡುವೆನೆಂದು ಇರಿಸಿಕೊಳ್ಳಬಹುದು. ಒಲೆಯ ಬಳಿ ಕೈಗವಸುಗಳು ಒಣಗಿದ ಮೇಲೆ ಇಬ್ಬರೂ ಎದ್ದು ವಂದಿಸಿ ಪಕ್ಕದ ಮನೆಯ ಮೆಟ್ಟಲನ್ನು ಹತ್ತುತ್ತಾರೆ.